ಪರೀಕ್ಷೆ ಮನೆಗೋ, ಮನೆಯವರಿಗೋ?

ನೆದರ್‌ಲ್ಯಾಂಡ್ಸಿನ ಬಾಡಿಗೆ ಮನೆಗಳ ಜಾಹೀರಾತನ್ನು ನಾಲ್ಕು ದಿನ ಓದಿದರೆ ಸಾಕು, ಡಚ್ ಬಾರದವರಿಗೂ ಎರಡು ಪದ ಬಾಯಿಪಾಠವಾಗುತ್ತವೆ. ಒಂದು 'ರುಸ್ತಿಖ್', ಅಂದರೆ ಸದ್ದುಗದ್ದಲವಿಲ್ಲದ್ದು. ಇನ್ನೊಂದು 'ಕಿಂಡ್‌ವ್ರೀಂಡೆಲಕ್', ಅಂದರೆ ಮಕ್ಕಳಿಗೆ ಹಿತವಾದದ್ದು. ಹಳ್ಳಿಯ ಮನೆ ಎಂದಮೇಲೆ ಇವೆರಡೂ ಇರಲೇಬೇಕು. ನಮ್ಮ ಬೆಂಗಳೂರಿನ ಟು-ಲೆಟ್ ಬೋರ್ಡಿನಲ್ಲಿ ಕಾವೇರಿ ನೀರು, ವಾಸ್ತು ಪ್ರಕಾರ ಎಂದು ಇರುವ ಹಾಗೆ.

2022ರಲ್ಲಿ ಪುಣೆಯ ಕಚೇರಿ ನನ್ನನ್ನು ಎರಡು ವರ್ಷಕ್ಕೆಂದು ಝ್ವೊಲ್ಲ ಎಂಬ ಊರಿಗೆ ಕಳಿಸಿತು. ಪೇಟೆಯೊಳಗೆ ಮನೆ ಸಿಗಲಿಲ್ಲ. ಬಸ್ಸಿನ ದಾರಿಯಲ್ಲಿ ಎನ್ಸ್ ಎಂಬ ಹಳ್ಳಿಯಲ್ಲಿ ಸಿಕ್ಕಿತು. ಅಲ್ಲಿ ರಾತ್ರಿ ಎಂಟಕ್ಕೆ ಬೀದಿಯಲ್ಲಿ ನಾಯಿ ಕೂಡ ಬೊಗಳುವುದಿಲ್ಲ. ಮಕ್ಕಳು ತಾವೇ ಸೈಕಲ್ ತುಳಿದು ಶಾಲೆಗೆ ಹೋಗುತ್ತಾರೆ. ಕಿಟಕಿಗಳಿಗೆ ಪರದೆ ಎಳೆಯುವವರು ಕಡಿಮೆ; ಹಾದಿಯಲ್ಲಿ ಹೋಗುವವರಿಗೆ ಮನೆಯ ಸೋಫಾ, ಹೂಕುಂಡ, ಊಟದ ಮೇಜು ಎಲ್ಲ ಕಾಣುತ್ತದೆ. ಜಾಹೀರಾತು ಸುಳ್ಳು ಹೇಳಿರಲಿಲ್ಲ. ಆದರೆ ಈ ನಿಶ್ಶಬ್ದ ಮಳೆಬೆಳೆಯಂತೆ ತಾನಾಗಿ ಬಂದದ್ದಲ್ಲ. ಆ ಊರಿನ ಮೊದಲ ತಲೆಮಾರನ್ನು ಸರ್ಕಾರ ಒಬ್ಬೊಬ್ಬರನ್ನಾಗಿ ಆರಿಸಿ ತಂದಿತ್ತು, ಬಿತ್ತನೆ ಬೀಜ ಆರಿಸುವ ಹಾಗೆ. ಬಾಡಿಗೆ ಮನೆ ಹುಡುಕಿ ಹುಡುಕಿ ಸುಸ್ತಾದ ನಮ್ಮಂಥವರಿಗೆ ಈ ಕತೆ ಗೊತ್ತಿರಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಮೊದಲು ನೆಲದ ವಿಚಾರ. ಎನ್ಸ್ ಇರುವುದು ನೋರ್ಡ್‌ಓಸ್ಟ್‌ಪೋಲ್ಡರ್‌ನಲ್ಲಿ. ಪೋಲ್ಡರ್ ಎಂದರೆ ಸುತ್ತ ಒಡ್ಡು ಕಟ್ಟಿ, ನೀರು ಹೊರಹಾಕಿ ಪಡೆದ ಭೂಮಿ. ಎಂಬತ್ತೈದು ವರ್ಷದ ಹಿಂದೆ ನಮ್ಮ ಅಡಿಗೆಮನೆ ಇದ್ದ ಜಾಗದಲ್ಲಿ ಮೀನು ಓಡಾಡುತ್ತಿದ್ದವು. ದೇಶದ ಹೊಟ್ಟೆಯೊಳಕ್ಕೆ ಚಾಚಿಕೊಂಡಿದ್ದ ಝೌಡರ್‌ಝೇ ಎಂಬ ಕೊಲ್ಲಿಯನ್ನು ಮುಚ್ಚುವ ಯೋಜನೆ ಕಾರ್ನೆಲಿಸ್ ಲೆಲಿ ಎಂಬ ಎಂಜಿನಿಯರನದು. ಬಹಳ ಕಾಲ ಕಾಗದದಲ್ಲೇ ಇತ್ತು. 1916ರ ಜನವರಿಯ ಪ್ರವಾಹ ಮತ್ತು ಮೊದಲ ಮಹಾಯುದ್ಧದ ಆಹಾರದ ಅಭಾವ ಸೇರಿ, 1918ರಲ್ಲಿ ಕಾನೂನಾಯಿತು. 1932ರಲ್ಲಿ 32 ಕಿಲೋಮೀಟರ್ ಉದ್ದದ ಒಡ್ಡು ಸಮುದ್ರವನ್ನು ಹೊರಗಿಟ್ಟಿತು. ಒಳಗಿನ ನೀರನ್ನು ತುಂಡು ತುಂಡಾಗಿ ಬತ್ತಿಸತೊಡಗಿದರು. ನಮ್ಮ ಪೋಲ್ಡರ್‌ನ ಒಡ್ಡು ಕೂಡಿದ್ದು 1940ರ ಡಿಸೆಂಬರಿನಲ್ಲಿ, ನೆಲ ಬತ್ತಿದ್ದು 1942ರಲ್ಲಿ. ಎರಡೂ ಜರ್ಮನರ ಆಕ್ರಮಣದ ನಡುವೆಯೇ. ಸುಮಾರು 48,000 ಹೆಕ್ಟೇರ್ ಕೆಸರು. ಅಲ್ಲಿ ಕಾಲುವೆ ತೋಡಲು ಬಂದವರಲ್ಲಿ ಜರ್ಮನರಿಂದ ತಲೆಮರೆಸಿಕೊಂಡವರು ಎಷ್ಟೋ ಮಂದಿ. ಪೋಲ್ಡರ್‌ನ ಹೆಸರಿನ ಮೂರು ಅಕ್ಷರಗಳನ್ನು ಬಿಡಿಸಿ, ಇದು ತಲೆಮರೆಸಿಕೊಂಡವರ ಸ್ವರ್ಗ ಎಂದು ಆಗಿನವರು ನಗೆಯಾಡುತ್ತಿದ್ದರು.

ಎನ್ಸ್ ಎಂಬ ಹೆಸರೂ ಸಾಲದ್ದೇ. ಪಕ್ಕದಲ್ಲೇ ಶೊಕ್‌ಲ್ಯಾಂಡ್ ಎಂಬ ದಿಬ್ಬವಿದೆ. ಒಂದು ಕಾಲಕ್ಕೆ ಅದು ಕೊಲ್ಲಿಯ ನಡುವಿನ ದ್ವೀಪ, ಎನ್ಸ್ ಅಲ್ಲಿನ ಒಂದು ಊರು. ಅಲೆ ತಿಂದು ತಿಂದು ದ್ವೀಪ ಸಣ್ಣದಾಗುತ್ತಾ ಬಂದಾಗ, 1859ರಲ್ಲಿ ಸರ್ಕಾರ ಅಲ್ಲಿದ್ದ ಎಲ್ಲರನ್ನೂ ಎಬ್ಬಿಸಿ ಕಳಿಸಿತು. ಈಗ ಅದು ಹೊಲಗಳ ನಡುವೆ ಒಣನೆಲದಲ್ಲಿ ನಿಂತ ದ್ವೀಪ. 1995ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಭಾನುವಾರ ನಾವು ಅಲ್ಲಿಗೆ ನಡೆದು ಹೋಗುತ್ತಿದ್ದೆವು. ಸರ್ಕಾರ ಜನರನ್ನು ಖಾಲಿ ಮಾಡಿಸಿದ ಊರಿನ ಹೆಸರನ್ನೇ ಸರ್ಕಾರ ಜನರನ್ನು ತುಂಬಿಸಿದ ಊರಿಗೆ ಇಟ್ಟಿದ್ದಾರೆ.

ಮನೆ ಕೊಟ್ಟು ಜನರನ್ನು ತಿದ್ದುವ ಯೋಚನೆ ಮಾತ್ರ ಪೋಲ್ಡರ್‌ಗಿಂತ ಹಳೆಯದು. ಎನ್ಸ್‌ನಿಂದ ಈಶಾನ್ಯಕ್ಕೆ ಹೆಚ್ಚು ದೂರವಿಲ್ಲದ ಫ್ರೆಡರಿಕ್ಸೋರ್ಡ್‌ನಲ್ಲಿ 1818ರಲ್ಲಿ ಯೊಹಾನೆಸ್ ಫಾನ್ ಡೆನ್ ಬೊಸ್ ಎಂಬ ಸೇನಾಧಿಕಾರಿ ಪರೋಪಕಾರ ಸಂಘವೊಂದನ್ನು ಕಟ್ಟಿದ. ನಗರದ ಬಡ ಕುಟುಂಬಗಳಿಗೆ ಪೊದೆ ಬೆಳೆದ ಬರಡು ನೆಲದಲ್ಲಿ ಒಂದೊಂದು ಪುಟ್ಟ ಮನೆ, ಎರಡೂವರೆ ಮೂರು ಹೆಕ್ಟೇರ್ ಜಮೀನು. ಮಕ್ಕಳು ಶಾಲೆಗೆ ಹೋಗಲೇಬೇಕು. ಮೇಲ್ವಿಚಾರಕ ಮನೆಯ ಶುಚಿ, ಕುಡಿತ, ದುಡಿಮೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ. ಹೇಳಿದಂತೆ ಕೇಳದವರು ಬೇಲಿಯೊಳಗಿನ ದೊಡ್ಡ ವಸತಿಗಳಿಗೆ ಹೋಗುತ್ತಿದ್ದರು. ಇದೇ ಮನುಷ್ಯ ಮುಂದೆ ಜಾವಾಕ್ಕೆ ಗವರ್ನರ್ ಜನರಲ್ ಆಗಿ ಹೋಗಿ, 1830ರಿಂದ ಅಲ್ಲಿನ ರೈತರು ಸರ್ಕಾರ ಹೇಳಿದ ಬೆಳೆಯನ್ನೇ ಬೆಳೆಯಬೇಕೆಂಬ ಪದ್ಧತಿ ತಂದ. ಆ ಲಾಭ ನೆದರ್‌ಲ್ಯಾಂಡ್ಸಿನ ಖಜಾನೆ ತುಂಬಿತು. ಬಡವರನ್ನು ಉದ್ಧಾರ ಮಾಡುವ ಕೈಯೂ ಹಿಂಡುವ ಕೈಯೂ ಒಂದೇ ಆಗಿದ್ದುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ತಿಳಿದಿಲ್ಲ.

ಶತಮಾನದ ಕೊನೆಯಲ್ಲಿ ಈ ಮೇಲ್ವಿಚಾರಣೆ ಹೆಂಗಸರ ಕೈಗೆ ಬಂತು. ಲಂಡನ್ನಿನಲ್ಲಿ ಆಕ್ಟೇವಿಯಾ ಹಿಲ್ ಬಡವರ ಮನೆಗಳನ್ನು ನಡೆಸುತ್ತಿದ್ದ ರೀತಿಯನ್ನು ಕಲಿತು ಬಂದ ಯೊಹಾನಾ ಟೆರ್ ಮ್ಯೂಲನ್ ಆಮ್‌ಸ್ಟರ್‌ಡಾಮಿನಲ್ಲಿ ಆ ಕೆಲಸ ಶುರುಮಾಡಿದಳು. ವಾರಕ್ಕೊಮ್ಮೆ ಬಾಡಿಗೆ ವಸೂಲಿಗೆ ಹೋಗುವುದು. ಹೋದಾಗ ಮನೆ ಹೇಗಿದೆ, ಮಕ್ಕಳು ಹೇಗಿದ್ದಾರೆ ನೋಡಿ ಬುದ್ಧಿ ಹೇಳುವುದು. 1901ರ ವಸತಿ ಕಾನೂನು ಬಂದು, ಲಾಭವಿಲ್ಲದೆ ಮನೆ ಕಟ್ಟುವ ಸಂಘಗಳಿಗೆ ಸರ್ಕಾರ ಸಾಲ ಕೊಡತೊಡಗಿತು. ಇವತ್ತಿಗೂ ಆ ದೇಶದ ಬಾಡಿಗೆ ಮನೆಗಳಲ್ಲಿ ಹೆಚ್ಚಿನವು ಇಂಥ ಸಂಘಗಳವೇ. ಒಳ್ಳೆಯ ಕಾನೂನು. ಆದರೆ ಒಳ್ಳೆಯ ಮನೆಗೆ ಒಳ್ಳೆಯ ಬಾಡಿಗೆದಾರರೇ ಬೇಕು ಎಂಬ ಹಟವೂ ಅದರ ಬೆನ್ನಿಗೇ ಬಂತು. ಆ ಅಳತೆಗೆ ಸಾಲದವರಿಗೆಂದು ಆಮ್‌ಸ್ಟರ್‌ಡಾಮ್ ನಗರಸಭೆ 1920ರ ದಶಕದಲ್ಲಿ ಎರಡು ಬಡಾವಣೆ ಕಟ್ಟಿತು. ಒಂದರ ಹೆಸರು ಆಸ್ಟರ್‌ಡೋರ್ಪ್. ಡೋರ್ಪ್ ಎಂದರೆ ಹಳ್ಳಿ. ಆಸ್ಟರ್ ಒಂದು ಹೂವು. ಹೂವಿನ ಹೆಸರಿನ ಆ ಹಳ್ಳಿಯ ಸುತ್ತ ಗೋಡೆಯಿತ್ತು, ಒಳಹೋಗಲು ಒಂದೇ ಬಾಗಿಲು. ಅಲ್ಲಿ ನಡತೆ ತಿದ್ದಿಕೊಂಡವರಿಗೆ ಹೊರಗೆ ಮಾಮೂಲಿ ಮನೆ. ಆದರೆ ವಿಳಾಸದಲ್ಲಿ ಆಸ್ಟರ್‌ಡೋರ್ಪ್ ಎಂದಿದ್ದರೆ ಹೊರಗೆ ಕೆಲಸ ಸಿಗುವುದೇ ಕಷ್ಟವಾಗುತ್ತಿತ್ತು. ಯುದ್ಧದ ಕಾಲದಲ್ಲಿ ಜರ್ಮನರು ಅದೇ ಗೋಡೆಯೊಳಗೆ ಯಹೂದಿಗಳನ್ನು ತಂದು ಇರಿಸಿದರು. 1955ರಲ್ಲಿ ಮನೆಗಳನ್ನು ಕೆಡವಿದರು.

ಆಸ್ಟರ್‌ಡೋರ್ಪ್ ಬೇಡದವರನ್ನು ಬೇರೆಯಾಗಿಟ್ಟ ಊರು. ಪೋಲ್ಡರ್ ಬೇಕಾದವರನ್ನೇ ಹೆಕ್ಕಿ ತಂದ ಊರು. ಅಲ್ಲಿಗೇ ಮರಳುತ್ತೇನೆ.

ನೀರು ಬತ್ತಿದ ನೆಲ ಸರ್ಕಾರದ್ದು. ಅದನ್ನು ಸರ್ಕಾರ ಮಾರಲಿಲ್ಲ, ಗೇಣಿಗೆ ಕೊಟ್ಟಿತು. ಎಂಟುನೂರು ಮೀಟರ್ ಉದ್ದ, ಮುನ್ನೂರು ಮೀಟರ್ ಅಗಲ, 24 ಹೆಕ್ಟೇರ್: ಇದು ಒಂದು ಪಟ್ಟಿಯ ಅಳತೆ. ಮನೆ, ಕೊಟ್ಟಿಗೆ ಕಟ್ಟಿಕೊಟ್ಟದ್ದೂ ಸರ್ಕಾರವೇ. ನಮ್ಮ ಕಡೆ ಗೇಣಿ ಎಂದರೆ ಒಡೆಯನ ಮನೆಯ ಅಂಗಳದಲ್ಲಿ ಭತ್ತ ಅಳೆದದ್ದು, 1974ರ ಭೂಸುಧಾರಣೆಯ ಡಿಕ್ಲರೇಷನ್ ಅರ್ಜಿ, ಇವೆಲ್ಲ ನೆನಪಾಗುತ್ತವೆ. ಇಲ್ಲಿ ಒಡೆಯನಿಗೆ ಮುಖವೇ ಇಲ್ಲ, ಅವನೊಂದು ಇಲಾಖೆ. ಇನ್ನೊಂದು ಸೋಜಿಗ: 1962ರವರೆಗೆ ಆ ಪೋಲ್ಡರ್‌ಗೆ ಬೇರೆ ಊರುಗಳಂತೆ ಪುರಸಭೆ ಇರಲಿಲ್ಲ. ಲಾಂಡ್ರೊಸ್ಟ್ ಎಂಬ ಅಧಿಕಾರಿಯ ಆಡಳಿತ. ಮೊದಲನೆಯವನು ಸಿಕ್ಕೆ ಸ್ಮೇಡಿಂಗ್. ನೆಲವನ್ನು ಹದಗೊಳಿಸುವ ಇಲಾಖೆಯ ನಿರ್ದೇಶಕನೂ ಅವನೇ. ಅಂದರೆ ಭೂಮಾಲೀಕನೂ ಆಡಳಿತವೂ ಒಂದೇ ಕಚೇರಿಯಲ್ಲಿ ಕುಳಿತಿದ್ದವು.

ಜಮೀನಿಗಿಂತ ಅರ್ಜಿಗಳು ಎಷ್ಟೋ ಪಟ್ಟು ಹೆಚ್ಚು. ಹಾಗಾಗಿ ಆಯ್ಕೆ. ಕೃಷಿ ಶಾಲೆಯಲ್ಲಿ ಓದಿರಬೇಕು. ಕೈಯಲ್ಲಿ ಬಂಡವಾಳ ಇರಬೇಕು. ತೀರ ಎಳೆಯರೂ ಬೇಡ, ವಯಸ್ಸಾದವರೂ ಬೇಡ. ಮದುವೆಯಾಗಿರಬೇಕು, ಇಲ್ಲವೇ ನಿಶ್ಚಯವಾಗಿರಬೇಕು. ಇಷ್ಟೆಲ್ಲ ಕಾಗದದಲ್ಲಿ ಸರಿ ಕಂಡರೆ ಒಂದು ದಿನ ಮುನ್ಸೂಚನೆಯಿಲ್ಲದೆ ಇಲಾಖೆಯವರು ಅರ್ಜಿದಾರನ ಮನೆ ಬಾಗಿಲಿಗೆ ಬರುತ್ತಿದ್ದರು. ದನದ ಕೊಟ್ಟಿಗೆ ನೋಡುವುದು ಸರಿ. ಅದಕ್ಕಿಂತ ಹೆಚ್ಚಾಗಿ ಅವರು ನೋಡುತ್ತಿದ್ದುದು ಮನೆಯೊಡತಿ ಮನೆ ಇಟ್ಟುಕೊಂಡ ರೀತಿಯನ್ನು. ನಮ್ಮ ಪಕ್ಕದ ಮನೆಯ ಅಜ್ಜಿ ಹೇಳುತ್ತಿದ್ದರು: ಅವರ ಅಮ್ಮ ಆ ವರ್ಷವಿಡೀ ಬೆಳಿಗ್ಗೆ ಆರಕ್ಕೇ ನೆಲ ಒರೆಸಿ ಮುಗಿಸುತ್ತಿದ್ದರಂತೆ, ಯಾವಾಗ ಬರುತ್ತಾರೋ ಎಂದು. ಬಂದವರು ಬಟ್ಟೆಯ ಬೀರು ತೆರೆದು ನೋಡಿದರಂತೆ. ದಿಂಬಿನ ಚೀಲಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿದ್ದರಿಂದಲೇ ಜಮೀನು ಸಿಕ್ಕಿತು ಎಂದು ಅಜ್ಜಿಯ ನಂಬಿಕೆ. "ಅಪ್ಪನಿಗೆ ಗೇಣಿ ಕೊಡಿಸಿದ್ದು ಅಮ್ಮ," ಎಂದು ನಗುತ್ತಿದ್ದರು. ಅಮ್ಮನ ಹೆಸರು ಕರಾರುಪತ್ರದಲ್ಲಿ ಇರಲಿಲ್ಲ, ಅದನ್ನೂ ಹೇಳುತ್ತಿದ್ದರು.

ಹುಡುಗಿ ಕಾಫಿ ಕೊಟ್ಟ ರೀತಿ ನೋಡಿ ಮನೆತನ ಅಳೆಯುವ ಊರುಗಳಿಂದ ಬಂದ ನಮಗೆ ಇದು ತೀರ ಅಪರಿಚಿತವೇನಲ್ಲ. ವ್ಯತ್ಯಾಸವೆಂದರೆ ಇಲ್ಲಿ ಅಳೆದದ್ದು ಅತ್ತೆಯಲ್ಲ, ಸಂಬಳ ಪಡೆಯುವ ಸರ್ಕಾರಿ ನೌಕರ. ಅವನು ಅದನ್ನು ಕಡತದಲ್ಲಿ ಬರೆದಿಟ್ಟ.

ಆಯ್ಕೆ ರೈತರಿಗಷ್ಟೇ ಅಲ್ಲ. ಅಂಗಡಿಯವರನ್ನೂ ಆರಿಸಿದರು, ಯಾವ ಹಳ್ಳಿಗೆ ಎಷ್ಟು ರೊಟ್ಟಿ ಅಂಗಡಿ ಎಂದು ಲೆಕ್ಕ ಹಾಕಿದರು. ಕೂಲಿಯವರೂ ಮೊದಲು ದುಡಿದು ತೋರಿಸಿ, ಆಮೇಲೆ ಮನೆ ಪಡೆಯಬೇಕಿತ್ತು. ಕೆಸರಿನಲ್ಲಿ ನಿಂತು ಕಾಲುವೆ ತೋಡಿ, ಮರದ ಶೆಡ್ಡುಗಳ ಕ್ಯಾಂಪಿನಲ್ಲಿ ವರ್ಷಗಟ್ಟಲೆ ಮಲಗಿದವರಲ್ಲಿ ರೈತರ ಮಕ್ಕಳು ಬಹಳ ಮಂದಿ ಇದ್ದರು. ಇಲ್ಲಿ ದುಡಿದರೆ ನಾಳೆ ಜಮೀನು ಸಿಕ್ಕೀತು ಎಂಬ ಆಸೆ. ಕೆಲವರಿಗೆ ಸಿಕ್ಕಿತು. ಬಂಡವಾಳವಿಲ್ಲದವರಿಗೆ ಸಿಕ್ಕಲಿಲ್ಲ. ಮುಂದೆ ಯುದ್ಧದಲ್ಲಿ ನೀರು ನುಗ್ಗಿದ ವಾಲ್ಖೆರೆನ್‌ನ ರೈತರು, 1953ರ ಮಹಾಪ್ರವಾಹದಲ್ಲಿ ನೊಂದವರು ಎಂದೆಲ್ಲ ಹೊಸ ಹಕ್ಕುದಾರರು ಬಂದಂತೆ, ಕಾದು ಕುಳಿತ ಹಳಬರ ಸಾಲು ಇನ್ನೂ ಹಿಂದೆ ಸರಿಯಿತು. ಒಡ್ಡು ಕಟ್ಟಿದ್ದರಿಂದ ಮೀನಿನ ಕಸುಬು ಕಳೆದುಕೊಂಡ ಹಳೆಯ ಕೊಲ್ಲಿಯ ಬೆಸ್ತರದು ಬೇರೆಯೇ ದುಃಖ. ಅವರಿಗಾಗಿ 1925ರಲ್ಲಿ ಪರಿಹಾರದ ಕಾನೂನು ಬಂದಿತ್ತು. ಪರಿಹಾರದ ಕಾನೂನುಗಳು ಹೇಗಿರುತ್ತವೆಂದು ನಮ್ಮ ಅಣೆಕಟ್ಟುಗಳ ಹಿನ್ನೀರಿನವರಿಗೆ ಹೇಳಬೇಕಾಗಿಲ್ಲ.

ಊರುಗಳ ನಕ್ಷೆಯೂ ಇದೇ ಶಿಸ್ತಿನದು. ನಡುವೆ ಎಮ್ಮೆಲೋರ್ಡ್ ಪಟ್ಟಣ, ಸುತ್ತ ಹತ್ತು ಹಳ್ಳಿ, ಒಂದರಿಂದ ಇನ್ನೊಂದಕ್ಕೆ ಸೈಕಲ್ಲಿನಲ್ಲಿ ಹೋಗುವಷ್ಟು ದೂರ. ಅದರಲ್ಲಿ ನಾಗೆಲೆ ಎಂಬುದು ವಾಸ್ತುಶಿಲ್ಪದ ವಿದ್ಯಾರ್ಥಿಗಳು ಈಗಲೂ ನೋಡಲು ಬರುವ ಹಳ್ಳಿ. ಗೆರಿಟ್ ರೀಟ್‌ವೆಲ್ಟ್, ಆಲ್ಡೊ ಫಾನ್ ಐಕ್, ತೋಟ ವಿನ್ಯಾಸಕಿ ಮಿನ್ ರೌಸ್ ಮುಂತಾದವರು ಸೇರಿ ಯೋಜಿಸಿದ್ದು. 1950ರ ದಶಕದ ಆ ಮನೆಗಳಿಗೆಲ್ಲ ಚಪ್ಪಟೆ ಮಾಡು. ಹಂಚಿನ ಇಳಿಜಾರು ಮಾಡೇ ಮನೆ ಎಂದು ನಂಬಿದ ರೈತರು ಇದನ್ನು ಕಂಡು ಮುಖ ಸಿಂಡರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನಡುವೆ ದೊಡ್ಡ ಹುಲ್ಲುಗಾವಲು. ಅದರ ಅಂಚಿನಲ್ಲಿ ಮೂರು ಶಾಲೆ. ಮತ್ತು ಮೂರು ಚರ್ಚು, ಕ್ಯಾಥೊಲಿಕರಿಗೊಂದು, ಎರಡು ಬಗೆಯ ಪ್ರಾಟೆಸ್ಟಂಟರಿಗೆ ಒಂದೊಂದು. ಹೊಸ ಭೂಮಿಯಲ್ಲಿ ಯಾವ ಪಂಥವೂ ಮೇಲುಗೈ ಆಗಬಾರದು, ದೇಶದಲ್ಲಿರುವ ಪ್ರಮಾಣದಲ್ಲೇ ಇಲ್ಲೂ ಇರಲಿ ಎಂದು ಆಯ್ಕೆಯಲ್ಲಿ ಧರ್ಮವನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಇದನ್ನು ಓದಿದಾಗ ನನಗೆ ಎರಡು ಮನಸ್ಸು. ಹೆಸರು ಕೇಳಿ ಬಾಗಿಲು ಮುಚ್ಚುವ ನಗರಗಳಲ್ಲಿ ಮನೆ ಹುಡುಕಿದವರಿಗೆ, ಎಲ್ಲರಿಗೂ ಪಾಲು ಎಂಬುದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಪಾಲು ಸಿಗಬೇಕಾದರೆ ಮೊದಲು ಯಾವುದಾದರೊಂದು ಖಾನೆಯಲ್ಲಿ ನಿಲ್ಲಬೇಕು.

ಈ ತನಕ ಹೇಳಿದ್ದು ಬಾಡಿಗೆದಾರನ ಪರೀಕ್ಷೆ. ಅದೇ ಕಾಲದಲ್ಲಿ ಅದೇ ಸರ್ಕಾರ ಮನೆ ಮಾಲೀಕನ ಕೈಯನ್ನೂ ಕಟ್ಟುತ್ತಾ ಬಂದಿತ್ತು. ಮನೆ ಮಾರಿದರೂ ಬಾಡಿಗೆ ಮುರಿಯದು ಎಂಬುದು ಡಚ್ಚರ ಬಹಳ ಹಳೆಯ ಕಾನೂನು ಸೂತ್ರ. ಹೊಸ ಮಾಲೀಕ ಬಂದರೆ ಹಳೆಯ ಬಾಡಿಗೆದಾರ ಅವನಿಗೆ ಬಾಡಿಗೆ ಕೊಡುತ್ತಾ ಅಲ್ಲೇ ಇರುತ್ತಾನೆ. 1917ರಲ್ಲಿ ಬಾಡಿಗೆ ಸಮಿತಿಗಳು ಬಂದವು. 1940ರಲ್ಲಿ ಬಾಡಿಗೆಯನ್ನು ಇದ್ದಲ್ಲೇ ನಿಲ್ಲಿಸಿದರು.

ಮುಂಬಯಿಯ ಓದುಗರು ಇಲ್ಲಿ ಕಿವಿ ನಿಮಿರಿಸಿಯಾರು. 1947ರ ಬಾಂಬೆ ಬಾಡಿಗೆ ಕಾನೂನು ಕೂಡ ಬಾಡಿಗೆಯನ್ನು ಕಟ್ಟಿಹಾಕಿದ್ದು 1940ರ ಸೆಪ್ಟೆಂಬರಿನ ದರಕ್ಕೇ. ಒಂದೇ ಯುದ್ಧ, ಒಂದೇ ವರ್ಷ, ಒಂದೇ ಮದ್ದು. ಡಚ್ಚರು ಯುದ್ಧ ಮುಗಿದ ಮೇಲೆ ಬಾಡಿಗೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದರು, ಜೊತೆಗೆ ಸಂಘಗಳ ಮೂಲಕ ಲಕ್ಷಗಟ್ಟಲೆ ಮನೆ ಕಟ್ಟಿದರು. ಮುಂಬಯಿಯಲ್ಲಿ ಬಾಡಿಗೆ ಅಲ್ಲೇ ಹೆಪ್ಪುಗಟ್ಟಿತು, ಪಗಡಿ ಬೆಳೆಯಿತು, ಗಿರ್‌ಗಾಂವ್ ಕಡೆಯ ಚಾಳುಗಳಿಗೆ ಮರದ ಆಸರೆ ಕೊಟ್ಟು ನಿಲ್ಲಿಸುವ ಸ್ಥಿತಿ ಬಂತು. ಹೊಸಬರಾದ ನಮ್ಮ ಪಾಲಿಗೆ ಉಳಿದದ್ದು ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್. ಬಾಡಿಗೆ ತಡೆದದ್ದರಿಂದಲೇ ಮುಂಬಯಿ ಹಾಳಾಯಿತು ಎನ್ನುವವರಿದ್ದಾರೆ. ತಡೆದು, ಕಟ್ಟದೆ ಕೈಬಿಟ್ಟದ್ದರಿಂದ ಎಂದು ನಾನು ಹೇಳುತ್ತೇನೆ.

ಯುದ್ಧಾನಂತರದ ಡಚ್ ವಸತಿ ಅಭಾವವೂ ಸಣ್ಣದಲ್ಲ. 1947ರ ಕಾನೂನಿನ ಬಲದಿಂದ ಪುರಸಭೆ ಯಾರ ಮನೆಯಲ್ಲಿ ಯಾರಿರಬೇಕೆಂದು ನಿರ್ಧರಿಸುತ್ತಿತ್ತು. ಖಾಲಿ ಕೋಣೆಗಳನ್ನು ವಶಪಡಿಸಿಕೊಂಡು ಬೇರೆ ಕುಟುಂಬವನ್ನು ಒಳಗೆ ಕೂರಿಸಬಹುದಿತ್ತು. ಇಂಡೊನೇಷ್ಯಾ ಸ್ವತಂತ್ರವಾದ ಮೇಲೆ ಅಲ್ಲಿಂದ ಲಕ್ಷಗಟ್ಟಲೆ ಜನ ಬಂದರು. ಬಹಳ ಮಂದಿಯನ್ನು ಮೊದಲು ಸರ್ಕಾರ ಗೊತ್ತುಮಾಡಿದ ವಸತಿಗೃಹಗಳಲ್ಲಿಟ್ಟರು. ಅಲ್ಲಿಗೂ ಸಮಾಜ ಕಾರ್ಯಕರ್ತೆಯರು ಬಂದರು. ಅನ್ನದ ಬದಲು ಆಲೂಗಡ್ಡೆ ಬೇಯಿಸುವುದು, ಡಚ್ ರೀತಿಯಲ್ಲಿ ಮನೆ ನಡೆಸುವುದು ಕಲಿಸಿದರು. ಯಾರು ಇಲ್ಲಿಗೆ ಹೊಂದುತ್ತಾರೆ ಎಂದು ಟಿಪ್ಪಣಿ ಬರೆದರು. 1951ರಲ್ಲಿ ಬಂದ ಸುಮಾರು 12,500 ಮಲಕ್ಕು ದ್ವೀಪದವರಿಗೆ, ಡಚ್ ಸೈನ್ಯದಲ್ಲಿ ದುಡಿದ ಸಿಪಾಯಿಗಳು ಮತ್ತು ಅವರ ಸಂಸಾರಗಳಿಗೆ, ಈ ಪರೀಕ್ಷೆಯ ಭಾಗ್ಯವೂ ಇರಲಿಲ್ಲ. ಅವರಲ್ಲಿ ಅನೇಕರನ್ನು ಇರಿಸಿದ್ದು ವೆಸ್ಟರ್‌ಬೋರ್ಕ್‌ನಂಥ ಜಾಗದಲ್ಲಿ. ಕೆಲವೇ ವರ್ಷದ ಹಿಂದೆ ಯಹೂದಿಗಳನ್ನು ಸಾವಿನ ರೈಲಿಗೆ ಹತ್ತಿಸಿದ್ದ ಶಿಬಿರ ಅದು.

ಗಾಳಿ ತಿರುಗಿದ್ದು 1960, 70ರ ದಶಕಗಳಲ್ಲಿ. ಮನೆಯೊಳಗೆ ಬಂದು ಬುದ್ಧಿ ಹೇಳುವುದು ಜನರಿಗೆ ಸಾಕಾಯಿತು. 1979ರಿಂದ ಬಾಡಿಗೆಗೆ ಅಂಕಗಳ ಪದ್ಧತಿ ಜಾರಿಗೆ ಬಂತು. ಈಗ ಅಂಕ ಬೀಳುವುದು ಬಾಡಿಗೆದಾರನಿಗಲ್ಲ, ಮನೆಗೆ. ಕೋಣೆಯ ಒಂದು ಚದರ ಮೀಟರಿಗೆ ಒಂದು ಅಂಕ. ಉಗ್ರಾಣದಂಥ ಜಾಗಕ್ಕೆ ಮುಕ್ಕಾಲು. ಅಡಿಗೆಕಟ್ಟೆ ಒಂದು ಮೀಟರಿಗಿಂತ ಗಿಡ್ಡವಾದರೆ ಸೊನ್ನೆ, ಎರಡು ಮೀಟರ್ ಇದ್ದರೆ ಏಳು. ಒಟ್ಟು ಅಂಕಕ್ಕೆ ತಕ್ಕ ಬಾಡಿಗೆ; ಹೆಚ್ಚು ಕೇಳಿದರೆ ಬಾಡಿಗೆ ಆಯೋಗಕ್ಕೆ ದೂರು ಕೊಡಬಹುದು. ಒಂದು ಭಾನುವಾರ ಮಗಳ ಸ್ಕೇಲು, ಟೇಪು ಹಿಡಿದು ನಾನೂ ನಮ್ಮ ಮನೆಯ ಅಡಿಗೆಕಟ್ಟೆ ಅಳೆದೆ. ಎರಡು ಮೀಟರ್ ಹತ್ತು ಸೆಂಟಿಮೀಟರ್. ಪಕ್ಕದ ಮನೆಯ ಅಜ್ಜಿಯ ತಾಯಿ ಉಜ್ಜಿ ಹೊಳಪಿಡುತ್ತಿದ್ದಂಥದೇ ಕಟ್ಟೆ. ಆಗ ಇಲಾಖೆಯವನು ಅದರ ಮೇಲೆ ಕೊಳೆ ಹುಡುಕಿದ. ಈಗ ಕಾನೂನು ಅದರ ಉದ್ದ ಕೇಳುತ್ತದೆ. ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಒಂದು ದೇಶ ತನ್ನ ಕಣ್ಣನ್ನು ಹೆಂಗಸಿನಿಂದ ಕಲ್ಲಿನ ಕಡೆಗೆ ಹೊರಳಿಸಿತಲ್ಲ, ನನಗೆ ಇಡೀ ಕತೆಯಲ್ಲಿ ಇಷ್ಟವಾದದ್ದು ಅದು.

ನನ್ನ ಲೆಕ್ಕದಿಂದ ನನಗೇನೂ ಸಿಗಲಿಲ್ಲ. ಅಂಕ ಒಂದು ಗಡಿ ದಾಟಿದರೆ, ಆಗಿನ ನಿಯಮದಲ್ಲಿ, ಬಾಡಿಗೆ ಮಾಲೀಕ ಹೇಳಿದ್ದೇ. ನಮ್ಮ ಮನೆ ದಾಟಿತ್ತು. ಅಲ್ಲದೆ 2016ರಿಂದ ಎರಡು ವರ್ಷದ ತಾತ್ಕಾಲಿಕ ಕರಾರಿಗೂ ಅವಕಾಶ ಕೊಟ್ಟಿದ್ದರು, ನಮ್ಮದು ಅಂಥದು. ಹೊಸ ಮನೆ ಕಟ್ಟುವುದು ಕಡಿಮೆಯಾಗಿ, ಸಂಘದ ಮನೆಗೆ ವರ್ಷಗಟ್ಟಲೆ ಸರದಿ ಕಾಯುವ ಕಾಲ. ಒಂದು ಮನೆಗೆ ಹತ್ತಾರು ಜನ ಬಂದಾಗ ಹಳೆಯ ಪರೀಕ್ಷೆ ಹೊಸ ವೇಷದಲ್ಲಿ ಬರುತ್ತದೆ. ಮೂರು ತಿಂಗಳ ಸಂಬಳ ಚೀಟಿ, ಕಂಪನಿಯ ಪತ್ರ, ಹಿಂದಿನ ಮಾಲೀಕರ ಪತ್ರ, ಬಾಡಿಗೆಯ ಮೂರು ಪಟ್ಟು ಆದಾಯ. ನಮ್ಮನ್ನು ಸಂದರ್ಶಿಸಿದ ಏಜೆಂಟ್ ಬೀರು ತೆರೆಯಲಿಲ್ಲ; ಎಣ್ಣೆಯಲ್ಲಿ ಕರಿಯುವ ಅಡಿಗೆ ಹೆಚ್ಚೇ ಎಂದು ಮಾತ್ರ ನಯವಾಗಿ ಕೇಳಿದ. ಮನೆ 'ಕಾಲ್', ಅಂದರೆ ಬೋಳು. ನೆಲಕ್ಕೆ ಹಾಸು, ದೀಪ, ಪರದೆ ಏನೂ ಇಲ್ಲ. ಹೋಗುವಾಗ ಹಿಂದಿನವರು ಮರದ ನೆಲಹಾಸನ್ನೂ ಕಿತ್ತುಕೊಂಡು ಹೋಗಿದ್ದರು. ಮೊದಲ ವಾರ ಸಿಮೆಂಟಿನ ಮೇಲೆ ಚಾಪೆ ಹಾಸಿ ಮಲಗಿದೆವು. ಪುಣೆಯಲ್ಲಿ ಹೆಸರು ಕೇಳಿದ ಮೇಲೆ "ವೆಜ್ಜಾ?" ಎನ್ನುತ್ತಿದ್ದವರಿಗೆ ಹೋಲಿಸಿದರೆ ಇದು ಸಹ್ಯವೆಂದೇ ಅನ್ನಿಸಿತು.

ಸಹ್ಯವೆನಿಸಿದ್ದು ನಾವು ಆಯ್ಕೆಯಾದದ್ದರಿಂದ ಎನ್ನುವುದನ್ನೂ ಹೇಳಬೇಕು. 2006ರಲ್ಲಿ ಒಂದು ಕಾನೂನು ಬಂತು. ರಾಟರ್‌ಡಾಮಿನ ಹೆಸರಿನಲ್ಲೇ ಜನ ಅದನ್ನು ಕರೆಯುತ್ತಾರೆ. ಕೆಲವು ಬಡಾವಣೆಗಳಲ್ಲಿ, ಆ ಪ್ರದೇಶದಲ್ಲಿ ಆರು ವರ್ಷ ವಾಸಿಸಿರದ, ದುಡಿಮೆಯ ಆದಾಯವಿಲ್ಲದವರಿಗೆ ಬಾಡಿಗೆ ಮನೆ ನಿರಾಕರಿಸಲು ಅದು ಅನುಮತಿ ಕೊಡುತ್ತದೆ. ಹಾಗೆ ಮನೆ ಸಿಗದ ಒಬ್ಬ ತಾಯಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದಳು. 2017ರಲ್ಲಿ ಸೋತಳು.

ನಾವು ಎನ್ಸ್ ಬಿಟ್ಟದ್ದು 2024ರ ಮೇ ಕೊನೆಗೆ. ಮರು ತಿಂಗಳು ಕಳೆದು ಜುಲೈ 1ರಿಂದ ಕಾಯಂ ಕರಾರೇ ಮತ್ತೆ ನಿಯಮವಾಯಿತು; ಅಂಕದ ಪದ್ಧತಿಯನ್ನೂ ಮಧ್ಯಮ ದರದ ಮನೆಗಳಿಗೆ ವಿಸ್ತರಿಸಿದರು. ಹೊರಡುವ ಮುನ್ನ ಮಾಲೀಕರು ಕಾಫಿಗೆ ಬಂದು, ಮನೆ ಚೆನ್ನಾಗಿ ಇಟ್ಟುಕೊಂಡಿದ್ದೀರಿ, ನಿಮ್ಮಂಥವರೇ ಯಾರಾದರೂ ಇದ್ದರೆ ತಿಳಿಸಿ ಎಂದರು. ಮಗಳ ತರಗತಿಯ ಒಬ್ಬ ಹುಡುಗನ ಅಪ್ಪ ಅಮ್ಮ ಪೋಲೆಂಡಿನವರು. ಊರಂಚಿನ ಗಾಜಿನ ಮನೆಗಳಲ್ಲಿ ತರಕಾರಿ ಕೊಯ್ಯುವ ಕೆಲಸ, ಕೆಲಸ ಕೊಡಿಸಿದ ಏಜೆನ್ಸಿಯದೇ ವಸತಿ, ಒಂದೇ ಕೋಣೆ. ಒಂದು ವರ್ಷದಿಂದ ಮನೆ ಹುಡುಕುತ್ತಿದ್ದರು. ಅವರ ನಂಬರು ಕೊಟ್ಟೆ. ಮಾಲೀಕರು ಕೇಳಿದ ಕಾಗದಗಳನ್ನೆಲ್ಲ ಅವರು ಕಳಿಸಿದರು. ದುಡಿಮೆಯ ಕರಾರು ಏಜೆನ್ಸಿಯ ಮೂಲಕ ಎಂದು ಅದರಲ್ಲಿ ಬರೆದಿತ್ತು. ಬೇಡವೆಂದವರಿಗೆ ಕಾರಣ ತಿಳಿಸಬೇಕು ಎಂದು 2023ರ ಬಾಡಿಗೆ ಕಾನೂನು ಹೇಳುತ್ತದೆ. ಅವರಿಗೆ ಉತ್ತರವೇ ಬರಲಿಲ್ಲ. ಜೂನ್ ಎರಡನೆಯ ವಾರ ಆ ಮನೆಗೆ ಝ್ವೊಲ್ಲದಿಂದ ಇಬ್ಬರು ಶಾಲಾ ಶಿಕ್ಷಕರು ಬಂದರಂತೆ. ನೆಲಹಾಸು ಅವರೇ ತಂದರು ಎಂದು ಪಕ್ಕದ ಮನೆಯ ಅಜ್ಜಿ ವಾಟ್ಸಾಪಿನಲ್ಲಿ ತಿಳಿಸಿದರು.